ಮೊಣಕೈಗೆ ಸಿಗುವ ಮಾತ್ರೆ

ಮೇಲಿನ ಮನೆಯ ಮೆದಿಹಾ ಅಡುಗೆಮನೆಯ ನೀರಿನ ಪೈಪಿಗೆ ಚಮಚದಿಂದ ಬಡಿದರೆ ನಾನು ಒಲೆ ಸಣ್ಣಗೆ ಮಾಡಿ ಮೆಟ್ಟಿಲು ಹತ್ತಬೇಕು. ಉಪ್ಪು ನೋಡಲು. ನಮ್ಮದು ತುರ್ಕಿಯ ಆಂತೆಪ್. ಬದನೆಕಾಯಿಗೆ ದಾಳಿಂಬೆ ಹುಳಿ ಒಂದು ತೊಟ್ಟು ಹೆಚ್ಚಾದರೂ ಗಂಡಸರು ಕಾಫಿ ಅಂಗಡಿಯಲ್ಲಿ ಕೂತು ಅದನ್ನೇ ಚರ್ಚಿಸುವ ಊರು. ಇಂಥ ಊರಿನಲ್ಲಿ ಸೊಸೆಯೊಬ್ಬಳು ತನ್ನ ಅಡುಗೆಯ ರುಚಿಯನ್ನು ಕೆಳಮನೆಯವಳಿಂದ ನೋಡಿಸುತ್ತಾಳೆ ಎಂಬುದು ಹೊರಗೆ ಬರಬಾರದ ವಿಷಯ. ಹಾಗಾಗಿ ಅವಳ ಅತ್ತೆ ನಜ್ಮಿಯೆ ಬಾಲ್ಕನಿಯಲ್ಲಿ ಬೀದಿ ನೋಡುತ್ತಿರುವಾಗ, ಗಂಡ ಇಲ್ಹಾಮಿ ಮಿನಿಬಸ್ ಓಡಿಸಲು ಹೋಗಿರುವಾಗ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಿದ್ದೆ.

"ಬೇಗ ಹೇಳೇ ಶಾಹಿಂದೆ, ಸಾಕಾ?"

"ಇನ್ನೊಂದು ಚಿಟಿಕೆ ಹಾಕು."

"ಹುಳಿ?"

"ಸರಿಯಾಗಿದೆ. ನಿಮ್ಮತ್ತೆ ಹೇಗೂ ಕಡಿಮೆ ಅಂತಾರೆ."

"ಅದು ಅಡುಗೆ ವಿಷಯ ಅಲ್ಲ ಬಿಡು. ಅದು ಅವರ ದಿನದ ಪ್ರಾರ್ಥನೆ."

ಹೀಗೆ ಹೇಳಿ ಅವಳು ನಗುತ್ತಿರಲಿಲ್ಲ. ನಕ್ಕರೆ ತುಟಿ ಎಳೆಯುತ್ತದೆ, ಒಳಗಿನ ಹುಣ್ಣು ಬಿರಿಯುತ್ತದೆ. ನಗು ಬಂದಾಗ ಅವಳು ಅಂಗೈಯಿಂದ ಬಾಯಿ ಮುಚ್ಚಿ ಕಣ್ಣನ್ನು ಮಾತ್ರ ಸಣ್ಣದು ಮಾಡುತ್ತಿದ್ದಳು. ಬೀದಿಯ ಹೆಂಗಸರು ಅದನ್ನು ನಾಚಿಕೆ ಎಂದುಕೊಂಡಿದ್ದರು. ನಾದಿನಿ ಆಯ್ಸೆಲ್ ಮಾತ್ರ ಜಂಭ ಎಂದುಕೊಂಡಿದ್ದಳು.

ಕಾಯಿಲೆಯ ಹೆಸರು ಬೆಹ್ಚೆತ್. ನಮ್ಮ ಕಡೆ ಅಲ್ಲಲ್ಲಿ ಇದೆ. ಕೆಲವರಿಗೆ ಕಣ್ಣಿಗೆ ಬರುತ್ತದೆ, ಕೆಲವರಿಗೆ ಕೀಲಿಗೆ. ಮೆದಿಹಾಗೆ ಬಾಯಲ್ಲೇ ಮನೆ ಮಾಡಿತ್ತು: ನಾಲಗೆಯ ಅಂಚಿನಲ್ಲಿ, ಕೆನ್ನೆಯ ಒಳಗೆ, ಗಂಟಲಿಗೆ ಇಳಿಯುವ ಕಡೆ. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಡಾಕ್ಟರು ಹೆಸರು ಹೇಳಿದ ದಿನ ನಜ್ಮಿಯೆ ಅತ್ತೆ ಕೇಳಿದ್ದು ಒಂದೇ ಮಾತು: "ಕಾಯಿಲೆಗೂ ಗಂಡಸಿನ ಹೆಸರೇ ಇಡಬೇಕಾಗಿತ್ತಾ?" ಆಮೇಲೆ ಅದನ್ನು ಮರೆತುಬಿಟ್ಟರು. ಬಾಯಿಹುಣ್ಣು ತಾನೇ, ಖಾರ ತಿಂದರೆ ಯಾರಿಗೆ ಬರಲ್ಲ!

ಮೆದಿಹಾ ಖಾರ ತಿನ್ನುತ್ತಿರಲಿಲ್ಲ. ಖಾರ ಮಾಡುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಮಹಡಿಯ ಮೇಲೆ ಕೆಂಪು ಮೆಣಸನ್ನು ಸೀಳಿ, ಬೀಜ ತೆಗೆದು, ಅರೆದು, ದೊಡ್ಡ ತಟ್ಟೆಗಳಲ್ಲಿ ಬಿಸಿಲಿಗೆ ಹರಡಿ, ಮೊಣಕೈವರೆಗೆ ಉರಿಯುವ ಕೈಯಲ್ಲಿ ಕಲಸುತ್ತ ವರ್ಷದ ಖಾರವನ್ನೆಲ್ಲ ಡಬ್ಬಿಗೆ ತುಂಬುವವಳು ಅವಳೇ. ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ನಿಂತು ಮೊಸರಿಗೆ ಬೆಂದ ಆಲೂಗಡ್ಡೆ ಹಿಸುಕಿ ನುಂಗುತ್ತಿದ್ದಳು. ಅವಳು ಏನು ತಿನ್ನುತ್ತಾಳೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ತಿನ್ನುವಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಗುಲಾಬಿ ಬಣ್ಣದ ಒಂದು ಮಾತ್ರೆಯ ವಿಷಯ ಅವಳಿಗೆ ಮೊದಲು ಗೊತ್ತಾಗಿದ್ದು ಎದುರು ಮನೆಯ ಹೈರಿಯಿಂದ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಹೈರಿಗೆ ಮೊಣಕೈ ತುಂಬ ಸೋರಿಯಾಸಿಸ್, ಮೀನಿನ ಪೊರೆಯ ಹಾಗೆ ಚರ್ಮ ಉದುರುತ್ತಿತ್ತು. ಒಂದು ದಿನ ಅವನ ಹೆಂಡತಿ ಬಂದು, "ಹೊಸ ಮಾತ್ರೆ ಕೊಟ್ಟಿದಾರೆ, ಊತ ಇಳಿಸೋದಂತೆ, ಸೂಜಿ ಗೀಜಿ ಏನಿಲ್ಲ, ನುಂಗಿದ್ರಾಯ್ತು. ಈಗ ತೋಳು ಮಗುವಿನ ಕೆನ್ನೆ ಥರ ಆಗಿದೆ," ಎಂದಳು. ಮೆದಿಹಾ ಮಾತ್ರೆಯ ಹೆಸರು ಕೇಳಿಕೊಂಡಳು. ಸಂಜೆ ಹುರುಳಿಕಾಯಿಯ ನಾರು ತೆಗೆಯುತ್ತ ಫೋನಿನಲ್ಲಿ ಹುಡುಕಿದಳು. ಅದೇ ಮಾತ್ರೆಯನ್ನು ಬೆಹ್ಚೆತ್ತಿನ ಬಾಯಿಹುಣ್ಣಿಗೂ ಕೊಡಬಹುದೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಜಪಾನಿನಲ್ಲೂ ಸಿಕ್ಕಿತ್ತು. ನಮ್ಮಲ್ಲಿ ಚರ್ಮಕ್ಕೆ ಇತ್ತು, ಕೀಲಿಗೆ ಇತ್ತು. ಬಾಯಿಗೆ ಇರಲಿಲ್ಲ.

"ನೋಡು ಇವಳೇ," ಎಂದು ಅವಳು ನನಗೆ ಫೋನು ತೋರಿಸಿದಳು. "ಅದೇ ಮಾತ್ರೆ. ಹೈರಿ ಮೊಣಕೈಗೆ ಸಿಗುತ್ತೆ, ನನ್ನ ಬಾಯಿಗೆ ಸಿಗಲ್ಲ."

"ನೀನೂ ಮೊಣಕೈ ತೋರಿಸು."

"ನನ್ನ ಮೊಣಕೈಗೆ ಏನಾಗಿದೆ? ಪಾತ್ರೆ ತಿಕ್ಕಿ ತಿಕ್ಕಿ ಹೊಳೀತಿದೆ."

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನು ಉಪ್ಪಿನ ಜಾಡಿಗೆ ಒರಗಿಕೊಂಡು ನಿಂತಿರುತ್ತಿತ್ತು, ಅದರ ಗಾಜಿನ ಮೇಲೆ ಮೆಣಸಿನ ಬೆರಳಚ್ಚು. ಈರುಳ್ಳಿ ಬಾಡುವಷ್ಟು ಹೊತ್ತು ಒಂದು ಸುದ್ದಿ, ಅನ್ನದ ನೀರು ಇಂಗುವಷ್ಟು ಹೊತ್ತು ಇನ್ನೊಂದು. ಇಂಗ್ಲಿಷಿನದನ್ನು ಫೋನೇ ತರ್ಜುಮೆ ಮಾಡಿ ಕೊಡುತ್ತಿತ್ತು, ಅರ್ಧ ತಪ್ಪಾಗಿ. ಯುರೋಪಿನಲ್ಲಿ ತಜ್ಞರು ಸರಿ ಎಂದಿದ್ದಾರೆ, ಆದರೆ ಅದು ಇನ್ನೂ ಒಪ್ಪಿಗೆಯಲ್ಲ. ಯಾವುದೋ ದೇಶದಲ್ಲಿ ಮಕ್ಕಳಿಗೆ ಕೊಟ್ಟು ನೋಡುತ್ತಿದ್ದಾರೆ. ತಲೆಯ ಚರ್ಮಕ್ಕೆ, ಅಂಗೈಗೆ, ಬೇರೆ ಇನ್ನೇನಕ್ಕೋ ಪರೀಕ್ಷೆ ನಡೆದಿದೆ. ಕೆಲವೊಂದು ಕೆಲಸ ಮಾಡಿಲ್ಲ, ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಮದುವೆ ಸಂಬಂಧ ವಿಚಾರಿಸುವ ಹಾಗೆ ಅವಳು ಆ ಮಾತ್ರೆಯ ಜಾತಕವನ್ನೆಲ್ಲ ವಿಚಾರಿಸಿದಳು. ಎಲ್ಲ ಕಡೆಯೂ ಅದು ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ನಮ್ಮ ಕಡೆ ಬರುತ್ತಿರಲಿಲ್ಲ. ನಡುನಡುವೆ ಏಳುವಳು, ಬಾಲ್ಕನಿಗೆ ಹೋಗುವಳು, ಒಣಗಿದ ಬಟ್ಟೆ ತೆಗೆಯದೆ ಹಾಗೇ ವಾಪಸ್ ಬರುವಳು.

"ಏನು ಆ ಫೋನಿನಲ್ಲಿ? ಯಾರಾದ್ರೂ ಸತ್ತಿದಾರಾ?" ಎಂದು ಅತ್ತೆ ಒಳಗಿನಿಂದ ಕೂಗುವರು.

"ಇನ್ನೂ ಇಲ್ಲಮ್ಮ," ಎನ್ನುವಳು ಇವಳು.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅವಳನ್ನು ನೋಡುವ ಡಾಕ್ಟರ್ ಬೆರ್ರಿನ್ ಒಂದು ದಾರಿ ಹೇಳಿದರು. ಎಲ್ಲರಿಗೂ ಒಪ್ಪಿಗೆ ಸಿಗುವವರೆಗೆ ಕಾಯಬೇಕಿಲ್ಲ, ಒಬ್ಬ ರೋಗಿಗೆಂದು ವಿಶೇಷ ಅನುಮತಿ ಕೇಳಬಹುದು. ಹಳೆಯ ಮಾತ್ರೆಗಳಿಂದ ಗುಣವಾಗಿಲ್ಲ ಎಂದು ಮೂವರು ಡಾಕ್ಟರುಗಳ ಮಂಡಳಿ ಪರೀಕ್ಷಿಸಿ ಬರೆದರೆ ಅದು ಅಂಕಾರಾದ ಆರೋಗ್ಯ ಇಲಾಖೆಗೆ ಹೋಗುತ್ತದೆ. ಮಂಡಳಿಯ ದಿನ ರಂಜಾನ್ ತಿಂಗಳ ಕೊನೆಯ ವಾರದಲ್ಲಿ ಬಿತ್ತು.

ಆ ವಾರವೆಂದರೆ ನಮ್ಮಲ್ಲಿ ಹಬ್ಬದ ಸ್ವಚ್ಛತೆ. ಪರದೆ ಇಳಿಸು, ಕಂಬಳಿ ಬಡಿ, ಗಾಜಿಗೆ ವಿನಿಗರ್ ಹಚ್ಚು, ಒಲೆಯ ಹಿಂದಿನ ಗೋಡೆ ಉಜ್ಜು. ಅತಿಥಿ ನೋಡದ ಬೀರುವಿನ ಒಳಗೂ ಧೂಳಿರಬಾರದು. ಮೆದಿಹಾ ಇದನ್ನೆಲ್ಲ ಮಾಡುತ್ತಲೇ ತನ್ನ ಬಾಯಿಯನ್ನೂ ತಯಾರು ಮಾಡಿದಳು. ಉಪವಾಸ ಬಿಡುವಾಗ ಹುಳಿ ಬಿಟ್ಟಳು, ಟೊಮ್ಯಾಟೊ ಬಿಟ್ಟಳು, ಅಕ್ರೋಟು ಇದ್ದ ಸಿಹಿಯನ್ನು ಮುಟ್ಟಲಿಲ್ಲ. ಕಪ್ಪು ಹಿಪ್ಪುನೇರಳೆಯ ಪಾಕದಲ್ಲಿ ಬಾಯಿ ಮುಕ್ಕಳಿಸಿದಳು, ಸೋಡಾಪುಡಿಯ ನೀರಿನಲ್ಲಿ ಮುಕ್ಕಳಿಸಿದಳು, ಯಾವಾಗಲೋ ಕೊಟ್ಟಿದ್ದ ಮುಲಾಮನ್ನು ಬೆರಳ ತುದಿಯಿಂದ ಹಚ್ಚಿದಳು. ದೊಡ್ಡ ಡಾಕ್ಟರುಗಳ ಎದುರಿಗೆ ಬಾಯಿ ತೆರೆಯಬೇಕಲ್ಲ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಮುಂಚೆ ನಾನೂ ಎರಡು ಸಲ ಹಲ್ಲುಜ್ಜುತ್ತೇನೆ. ನಮ್ಮ ಬೀದಿಯ ಹೆಂಗಸರು ಕೆಲಸಕ್ಕೆ ಬರುವವಳು ಬರುವ ಮುಂಚೆ ಮನೆ ಗುಡಿಸುವವರು.

ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಮಂಡಳಿಯ ಹಿರಿಯ ಡಾಕ್ಟರು ದೀಪ ಹಿಡಿದು ನೋಡಿದರು. ನಾಲಗೆ ಎತ್ತಿಸಿದರು, ಕೆನ್ನೆ ಎಳೆದು ನೋಡಿದರು. ಕೊನೆಗೆ ಡಾಕ್ಟರ್ ಬೆರ್ರಿನ್ ಕಡೆ ತಿರುಗಿದರು.

"ಎಲ್ಲಿ ಹುಣ್ಣು?"

ಡಾಕ್ಟರ್ ಬೆರ್ರಿನ್ ತಾವೇ ಬಗ್ಗಿ ನೋಡಿದರು. "ಮೆದಿಹಾ ಅವರೇ, ಹೋದ ಸಲ ನಾಲಗೆ ಮೇಲೆ ಜಾಗವೇ ಇರಲಿಲ್ಲವಲ್ಲ! ಏನು ಮಾಡಿದ್ರಿ?"

"ಕ್ಲೀನ್ ಮಾಡ್ಕೊಂಡು ಬಂದೆ, ಡಾಕ್ಟರಮ್ಮ."

ಹಿರಿಯ ಡಾಕ್ಟರು ದೀಪ ಆರಿಸಿದರು. ಅವರದು ತಪ್ಪಲ್ಲ. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯುವ ಹಾಗಿಲ್ಲ. ಈಗ ಹುಣ್ಣಿಲ್ಲ ಎಂದು ಬರೆದು ಅಂಕಾರಾಕ್ಕೆ ಕಳಿಸಿದರೆ ಅಲ್ಲಿಯವರು ಮಾತ್ರೆ ಯಾತಕ್ಕೆ ಎಂದು ಕೇಳುತ್ತಾರೆ. ಕಡತ ಕಳಿಸದೆ ಇಟ್ಟುಕೊಂಡರು.

ಹೊರಗಿನ ಮೊಗಸಾಲೆಯಲ್ಲಿ ಡಾಕ್ಟರ್ ಬೆರ್ರಿನ್ ಅವಳ ಭುಜ ಹಿಡಿದರು. "ಮನೆಗೆ ಅತಿಥಿ ಬಂದಾಗ ಗುಡಿಸಿ. ನನ್ನ ಹತ್ತಿರ ಬರುವಾಗ ಕಸ ಹಾಗೇ ಇರಲಿ. ಅದನ್ನೇ ನೋಡೋಕೆ ತಾನೇ ನಾನು ಇಲ್ಲಿ ಕೂತಿರೋದು?" ಮುಂದಿನ ಮಂಡಳಿಗೆ ಬರುವವರೆಗೆ ಹುಣ್ಣು ಎದ್ದಾಗಲೆಲ್ಲ ಫೋಟೋ ತೆಗೆಸಿ ಎಂದರು. "ಕನ್ನಡಿ ಹಿಡಿದು ನೀವೇ ತೆಗೀಬೇಡಿ, ಗಂಟಲ ಹತ್ತಿರದ್ದು ಬರಲ್ಲ. ಮನೆಯವರ ಕೈಲಿ ತೆಗೆಸಿ."

ಬಸ್ಸಿನಲ್ಲಿ ಮೆದಿಹಾ ಸೀಟು ಸಿಕ್ಕರೂ ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಇದ್ದಳು.

"ಮನೆಯವರ ಕೈಲಂತೆ," ಎಂದಳು.

"ಇಲ್ಹಾಮಿ ತೆಗೀತಾನೆ ಬಿಡೇ."

"ಅವನು ನನ್ನ ಬಾಯಿ ನೋಡೇ ಇಲ್ಲ. ಇಷ್ಟು ವರ್ಷದಲ್ಲಿ ನಾನು ತೋರಿಸಿಲ್ಲ, ಅವನು ಕೇಳಿಲ್ಲ. ಈಗ ಹೋಗಿ ಆ... ಅಂತ ನಿಂತ್ಕೊಳ್ಳಲಾ?"

ನಾನು ತೆಗೆಯುತ್ತೇನೆ ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಎಷ್ಟೋ ಸಲ ಅವಳ ಚಮಚದಿಂದ ರುಚಿ ನೋಡಿದ್ದ ನನಗೂ ಅವಳು ಒಮ್ಮೆಯೂ ಬಾಯಿ ತೆರೆದು ತೋರಿಸಿರಲಿಲ್ಲ. ಆ ಬಾಯಿ ಅವಳಿಗೆ ಮನೆಯ ಹರಿದ ಹಾಸಿಗೆಯ ಹಾಗೆ, ಮೇಲೆ ಒಳ್ಳೆಯ ಹೊದಿಕೆ ಹೊದಿಸಿಟ್ಟಿರಬೇಕಾದದ್ದು.

ಹುಣ್ಣುಗಳು ಹಬ್ಬದ ಮುನ್ನಾದಿನಕ್ಕೇ ವಾಪಸ್ ಬಂದವು, ಕರೆಯದ ನೆಂಟರ ಹಾಗೆ ಒಟ್ಟಿಗೆ.

ಆ ದಿನ ಮಧ್ಯಾಹ್ನ ಯುವಲಮಾ ಉರುಳಿಸುವುದು. ಅಕ್ಕಿಹಿಟ್ಟು, ರುಬ್ಬಿದ ಮಾಂಸ, ಉಪ್ಪು, ಕರಿಮೆಣಸು ಹಾಕಿ ನಾದಿ, ಕಡಲೆಕಾಳಿಗಿಂತ ಸಣ್ಣ ಉಂಡೆಗಳನ್ನು ಮಾಡಬೇಕು. ಹಬ್ಬದ ಬೆಳಿಗ್ಗೆ ಅದು ಮೊಸರಿನ ಸಾರಿನಲ್ಲಿ ಬೇಯುತ್ತದೆ. ಗಂಡಸರು ನಮಾಜು ಮುಗಿಸಿ ಬಂದು ಒಂದು ಚಮಚಕ್ಕೆ ಹತ್ತು ಉಂಡೆ ಬರುತ್ತದೋ ಇಲ್ಲವೋ ನೋಡುತ್ತಾರೆ. ಉಂಡೆ ದೊಡ್ಡದಾದರೆ ಮನೆಯ ಹೆಂಗಸರು ಸೋಮಾರಿಗಳು. ನೆಲದ ಮೇಲೆ ಬಟ್ಟೆ ಹಾಸಿ ದೊಡ್ಡ ತಾಮ್ರದ ತಟ್ಟೆಯ ಸುತ್ತ ನಾವೆಲ್ಲ ಕೂತಿದ್ದೆವು: ಮೆದಿಹಾ, ನಾನು, ಆಯ್ಸೆಲ್, ಅವಳ ಇಬ್ಬರು ಓರಗಿತ್ತಿಯರು. ಅಂಗೈ ತುಂಬ ಹಿಟ್ಟು, ಸೊಂಟದಲ್ಲಿ ನೋವು, ಹೊಟ್ಟೆಯಲ್ಲಿ ಉಪವಾಸ. ನಜ್ಮಿಯೆ ಅತ್ತೆಯ ಬೆರಳು ಸೊಟ್ಟಗಾಗಿರುವುದರಿಂದ ಅವರು ಸೋಫಾದ ಮೇಲೆ ಕೂತು ಉಂಡೆಗಳ ಗಾತ್ರದ ಮೇಲೆ ಕಣ್ಣಿಟ್ಟಿದ್ದರು.

ಉಪವಾಸದಲ್ಲೂ ಹಿಟ್ಟು ನಾದಿದವಳು ನಾಲಗೆ ತುದಿಗೆ ಒಂದಿಷ್ಟು ಸೋಕಿಸಿ ಉಗಿದುಬಿಡಬಹುದು. ಉಪ್ಪು ನೋಡುವುದು ಆ ಮನೆಯ ಸೊಸೆಯ ಕೆಲಸ. ಬೇರೆಯವರು ಮಾಡಿದರೆ ಅವಳಿಗೆ ಅವಮಾನ. ಅಷ್ಟು ಜನರ ಮುಂದೆ ನಾನು ಹೇಗೆ ನೋಡಲಿ?

"ಉಪ್ಪು ನೋಡಿದೆಯಾ?" ಎಂದರು ಅತ್ತೆ.

"ಸರಿ ಇರುತ್ತೆ ಅಮ್ಮ. ಅಳತೆ ಹಾಕಿದೀನಿ."

"ಅಳತೆ ಯಾರು ಕೇಳಿದ್ರು? ನಾಲಗೆಗೆ ಹಚ್ಚು."

ಆಯ್ಸೆಲ್ ಮುಗುಳ್ನಕ್ಕಳು. "ಬಿಡಮ್ಮ, ಅತ್ತಿಗೆಗೆ ನಾವು ಮುಟ್ಟಿದ ಹಿಟ್ಟು ಹಿಡಿಸಲ್ಲ."

ಮೆದಿಹಾಳ ಅಂಗೈ ನಿಂತಿತು. ಉರುಳುತ್ತಿದ್ದ ಉಂಡೆ ಚಪ್ಪಟೆಯಾಯಿತು. ಅವಳು ಎದ್ದು ಹೋಗಿ ಸೋಫಾದ ಮುಂದೆ ಮೊಣಕಾಲೂರಿದಳು.

"ಅಮ್ಮ, ನನ್ನ ಜೇಬಿನಲ್ಲಿ ಫೋನಿದೆ, ತೆಗೀರಿ. ನಿಮ್ಮ ಕೈ ಒಂದೇ ಕ್ಲೀನಾಗಿರೋದು. ದೀಪ ಹಚ್ಚಿ, ನನ್ನ ಬಾಯಿ ಫೋಟೋ ತೆಗೀರಿ."

"ಇವಳಿಗೆ ಉಪವಾಸ ತಲೆಗೇರಿದೆ."

"ತೆಗೀರಿ ಅಮ್ಮ. ಆಸ್ಪತ್ರೆಗೆ ಬೇಕು."

ಅತ್ತೆ ಗೊಣಗುತ್ತ ಕನ್ನಡಕ ಹಾಕಿಕೊಂಡರು. ಮೆದಿಹಾ ಬಾಯಿ ತೆರೆದಳು. ನಾನು ಅಷ್ಟು ದೂರದಿಂದ ಅತ್ತೆಯ ಮುಖ ಮಾತ್ರ ನೋಡಿದೆ. ಅವರು ಮೊದಲು ಹತ್ತಿರ ಬಗ್ಗಿದರು, ಆಮೇಲೆ ಹಿಂದೆ ಸರಿದರು, ಆಮೇಲೆ ಸೊಸೆಯ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು.

"ಅಯ್ಯೋ ನನ್ನ ಕಣ್ಣೇ! ಇದೇನೇ ಇದು, ಇಲಿ ಕಡಿದ ಬ್ರೆಡ್ಡಿನ ಥರ! ಯಾವಾಗಿಂದ?"

ಬಾಯಿ ತೆರೆದವಳು ಉತ್ತರ ಹೇಗೆ ಕೊಡುತ್ತಾಳೆ? ನಾನೇ ಹೇಳಿದೆ: "ಈ ಮನೆಗೆ ಬಂದಾಗಿನಿಂದ, ಅತ್ತೆ."

"ನಿನ್ನನ್ನ ಕೇಳಿದ್ನಾ? ನಿನಗೆ ಹೇಗೆ ಗೊತ್ತು?"

"ಇಲ್ಲಿ ಉಪ್ಪು ನೋಡೋದು ನಾನೇ."

ಗುಟ್ಟು ಬಾಯಿಂದ ಜಾರಿಯೇಹೋಯಿತು. ಆಯ್ಸೆಲ್ ತಟ್ಟೆಯಿಂದ ತಲೆ ಎತ್ತಲೇ ಇಲ್ಲ. ಅತ್ತೆ ನನ್ನನ್ನು, ಸೊಸೆಯನ್ನು, ಹಿಟ್ಟನ್ನು ನೋಡಿದರು. ಎಷ್ಟೋ ವರ್ಷದ ಊಟವೆಲ್ಲ ಅವರ ತಲೆಯೊಳಗೆ ಹಿಂದಕ್ಕೆ ತಿರುಗುತ್ತಿರಬೇಕು.

"ಹಾಗಾದ್ರೆ ಹುಳಿ ಕಡಿಮೆ ಮಾಡ್ತಿದ್ದೋಳು ನೀನು," ಎಂದರು ಕೊನೆಗೆ. ಫೋನು ಎತ್ತಿದರು. "ಇನ್ನೂ ತೆರಿಯೇ ಮಗಳೇ. ಇನ್ನೂ."

ಮೊದಲ ಫೋಟೋದಲ್ಲಿ ಅವರ ಹೆಬ್ಬೆರಳು ಬಂತು, ಎರಡನೆಯದರಲ್ಲಿ ಚಾವಣಿ. ಅಲ್ಲಿಗೆ ನಿಲ್ಲಿಸಲಿಲ್ಲ. ಆ ದಿನದ ಉಪ್ಪನ್ನು ಸೋಫಾದಿಂದ ಇಳಿದು ಬಂದು ಅವರೇ ನಾಲಗೆಗೆ ಸೋಕಿಸಿ ಉಗಿದರು. ಕಡಿಮೆ ಎಂದರು.

ಹಬ್ಬದ ಬೆಳಿಗ್ಗೆ ಇನ್ನೊಂದಾಯಿತು. ನಮ್ಮ ಮಂದಿ ಬೆಳಗಾದರೆ ವಾಟ್ಸಾಪಿನಲ್ಲಿ ಗುಲಾಬಿ, ಮಸೀದಿ, ಹೊಳೆಯುವ ಅಕ್ಷರದ ಶುಭಾಶಯ ಕಳಿಸುತ್ತಾರೆ. ಅತ್ತೆ ಡಾಕ್ಟರಿಗೆ ಕಳಿಸಲೆಂದು ಸೊಸೆಯ ಫೋನಿನಿಂದ ತಮ್ಮ ಫೋನಿಗೆ ತರಿಸಿಕೊಂಡಿದ್ದ ಫೋಟೋವನ್ನು ಶುಭಾಶಯದ ಜೊತೆ ಇಡೀ ಬಂಧುಬಳಗದ ಗುಂಪಿಗೆ ಒತ್ತಿಬಿಟ್ಟರು. ಜರ್ಮನಿಯ ಚಿಕ್ಕಪ್ಪ, ಅದಾನಾದ ಬೀಗರು, ಇಲ್ಹಾಮಿಯ ಜೊತೆ ಮಿನಿಬಸ್ ಓಡಿಸುವ ಅಣ್ಣತಮ್ಮಂದಿರು ಎಲ್ಲರ ಫೋನಿನಲ್ಲೂ ಎರಡು ಗುಲಾಬಿಗಳ ನಡುವೆ ಮೆದಿಹಾಳ ಗಂಟಲು.

ಇಲ್ಹಾಮಿ ನಮಾಜಿನಿಂದ ಕೆಂಪಗಾಗಿ ಬಂದ. "ಏನಿದು? ನನ್ನ ಹೆಂಡ್ತಿ ಬಾಯಿ ಊರೆಲ್ಲ ನೋಡ್ತು!"

ಮೆದಿಹಾ ಮೊಸರಿನ ಸಾರು ಒಡೆಯದ ಹಾಗೆ ಒಂದೇ ದಿಕ್ಕಿಗೆ ತಿರುವುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಊರೆಲ್ಲ ಬಂದು ಉಂಡು ಹೋಗಿದೆ ಅಲ್ವಾ? ನೋಡ್ಲಿ ಬಿಡಿ. ನೀವೂ ನೋಡಿ, ನಿಮಗಿನ್ನೂ ಬಾಕಿ ಇದೆ."

ಅವನು ಫೋನು ತೆರೆದ. ನೋಡಿದ. ಆಮೇಲೆ ಅಡುಗೆಮನೆಯ ಬಾಗಿಲಲ್ಲೇ ನಿಂತ, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮೇಜಿನ ಮೇಲಿನ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ಕೊಡತೊಡಗಿದ. ತಪ್ಪು ಬಟ್ಟಲು. ಅವಳು ಅದರಲ್ಲೇ ಬಡಿಸಿದಳು.

ಆ ಮೇಲೆ ಫೋಟೋ ತೆಗೆಯುವುದು ಅತ್ತೆಯ ಪಾಲಿನ ಕೆಲಸವಾಯಿತು. ಬೇಗ ಮಾಯಲಿ ಎಂದು ನಾನು ಪಾಕ ತಂದರೆ, "ಎತ್ತಿಡು, ಮಂಡಳಿ ಆಗ್ಲಿ," ಎಂದು ಗದರುವರು. ಮುಂದಿನ ಮಂಡಳಿಗೆ ಮೆದಿಹಾ ಬಾಯಿಯನ್ನು ಹೇಗಿತ್ತೋ ಹಾಗೇ ತೆಗೆದುಕೊಂಡು ಹೋದಳು. ಮಾತಾಡಲಾಗದೆ ಕೈಸನ್ನೆ ಮಾಡುತ್ತಿದ್ದಳು. ಹಿರಿಯ ಡಾಕ್ಟರು ಈ ಸಲ ಬಹಳ ಹೊತ್ತು ದೀಪ ಹಿಡಿದರು. ಕಡತ ಅಂಕಾರಾಕ್ಕೆ ಹೋಯಿತು.

ಕಾಯುವುದು ಮಾತ್ರ ಮೊದಲಿಗಿಂತ ಕಷ್ಟವಾಯಿತು. ಮುಂಚೆ ಲೋಕದ ಸುದ್ದಿ ನೋಡುತ್ತಿದ್ದವಳು ಈಗ ತನ್ನ ಸುದ್ದಿ ನೋಡಬೇಕು. ಆರೋಗ್ಯ ಇಲಾಖೆಯ ಪುಟ ತೆರೆಯುವಳು, 'ಪರಿಶೀಲನೆಯಲ್ಲಿದೆ' ಎಂಬುದನ್ನು ಓದುವಳು, ಮುಚ್ಚುವಳು, ಚಹಾಕ್ಕೆ ನೀರಿಟ್ಟು ಮತ್ತೆ ತೆರೆಯುವಳು. ಯಾವುದೋ ದೇಶದಲ್ಲಿ ಈ ಮಾತ್ರೆಗೆ ಇನ್ನೊಂದು ಉಪಯೋಗಕ್ಕೆ ಒಪ್ಪಿಗೆ ಸಿಕ್ಕಿತೆಂದು ಓದಿದ ದಿನ ಅವಳು ಕಿಟಕಿಯ ಗಾಜನ್ನೆಲ್ಲ ಒರೆಸಿಬಿಟ್ಟಳು, ಹಿಂದಿನ ದಿನವಷ್ಟೇ ಒರೆಸಿದ್ದ ಗಾಜನ್ನು. "ಎಲ್ಲರಿಗೂ ಆಗ್ತಿದೆ ಕಣೇ," ಎಂದಳು. "ನನ್ನದು ಯಾರದೋ ಮೇಜಿನ ಮೇಲೆ ಬಿದ್ದಿದೆ. ಅವರು ಊಟಕ್ಕೆ ಹೋಗಿರ್ತಾರೆ. ಅವರಿಗೆ ಊಟ ಯಾರೋ ಮಾಡಿಟ್ಟಿರ್ತಾರೆ." ಡಾಕ್ಟರ್ ಬೆರ್ರಿನ್ ಮೊದಲೇ ಹೇಳಿದ್ದರು: ಸಿಕ್ಕರೂ ಆರು ತಿಂಗಳಿಗೆ ಮಾತ್ರ, ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ಎಲ್ಲರಿಗೂ ಹಿಡಿಯುತ್ತದೆ ಎಂದೇನಿಲ್ಲ. ಅದೆಲ್ಲ ಅವಳಿಗೆ ಅವರಿಗಿಂತ ಮುಂಚೆ ಗೊತ್ತಿತ್ತು.

ಮೆಣಸಿನ ಕಾಲ ಬಂತು. ಮಹಡಿಯ ಮೇಲೆ ನಾವಿಬ್ಬರೂ ಮೆಣಸು ಸೀಳುತ್ತಿದ್ದಾಗ ಅವಳ ಫೋನಿಗೆ ಸಂದೇಶ ಬಂತು. ಅವಳ ಕೈ ಪೂರ್ತಿ ಕೆಂಪು. ನಾನು ನನ್ನ ಲಂಗಕ್ಕೆ ಕೈ ಒರೆಸಿ ಓದಿದೆ.

"ಆಗಿದೆ."

"ಏನು ಆಗಿದೆ? ಸರಿಯಾಗಿ ಓದು. ಸ್ವೀಕರಿಸಲಾಗಿದೆ ಅಂತಲೋ, ಅನುಮತಿಸಲಾಗಿದೆ ಅಂತಲೋ?"

"ಅನುಮತಿಸಲಾಗಿದೆ. ನಿನ್ನ ಹೆಸರೇ ಇದೆ."

ಅವಳು ಎದ್ದಳು. ಚಾಕು ಕೆಳಗಿಟ್ಟಳು. ತಟ್ಟೆಗಳ ಮೇಲೆ ಅರ್ಧ ಹರಡಿದ ಮೆಣಸು, ಮೂಟೆಯಲ್ಲಿ ಸೀಳದೆ ಉಳಿದದ್ದು, ಕೆಳಗೆ ಒಲೆಯ ಮೇಲೆ ಬೇಯುತ್ತಿದ್ದ ಕಡಲೆ. ಯಾವುದನ್ನೂ ನೋಡಲಿಲ್ಲ. ನಲ್ಲಿಯಲ್ಲಿ ಕೈ ತೊಳೆದು ತಲೆಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲಿಳಿದಳು. ನಾನು ಹಿಂದೆ ಓಡಿದೆ.

ಔಷಧದಂಗಡಿಯಾಕೆ ಕಂಪ್ಯೂಟರಿನಲ್ಲಿ ನೋಡಿದಳು. ಅನುಮತಿ ಕಾಣುತ್ತಿತ್ತು. ಮಾತ್ರೆ ಅಂಗಡಿಯಲ್ಲಿ ಇರಲಿಲ್ಲ, ಗೋದಾಮಿನಿಂದ ಸಂಜೆಯ ಗಾಡಿಗೆ ಬರುತ್ತದೆ. "ಮನೆಗೆ ಹೋಗಿ ಅಕ್ಕ, ಬಂದ ಕೂಡಲೇ ಫೋನ್ ಮಾಡ್ತೀನಿ."

"ಇಲ್ಲೇ ಕೂತಿರ್ತೀನಿ."

ಕೂತಿರಲಿಲ್ಲ. ಬಾಗಿಲಿಗೆ ಹೋಗುವಳು, ಬೀದಿಯ ತುದಿ ನೋಡುವಳು, ತೂಕದ ಯಂತ್ರದ ಮೇಲೆ ಹತ್ತಿ ಇಳಿಯುವಳು. ಇಲ್ಹಾಮಿಯ ಫೋನು ಬಂತು. ನನಗೂ ಕೇಳಿಸುವಷ್ಟು ಜೋರು ದನಿ.

"ಎಲ್ಲಿದೀಯ? ಮಹಡಿ ಮೇಲೆ ಮೆಣಸು ಹಾಗೇ ಬಿದ್ದಿದೆ. ಅಮ್ಮ ಒಬ್ಬರೇ ಕೂತಿದಾರೆ."

"ಔಷಧದಂಗಡೀಲಿ ಇದೀನಿ. ಅನುಮತಿ ಬಂತು."

"ಹೌದಾ! ಒಳ್ಳೇದಾಯ್ತು... ಮತ್ತೆ ಮೆಣಸು ಏನು ಮಾಡೋದು?"

"ಬೀಜ ತೆಗೀರಿ. ಕಣ್ಣು ಮುಟ್ಕೋಬೇಡಿ."

"ನಾನಾ?"

"ನೀವೇ. ಕಡಲೆ ಬೆಂದಿದ್ರೆ ಒಲೆ ಆರಿಸಿ. ಬೆಂದಿದೆಯಾ ಇಲ್ವಾ ಅಂತ ತಿಂದು ನೋಡಿ."

ಗಾಡಿ ಬಂದಾಗ ಬಿಸಿಲು ಎದುರಿನ ಗೋಡೆ ಬಿಟ್ಟು ಮೇಲೆ ಹೋಗಿತ್ತು. ಅಂಗಡಿಯಾಕೆ ಪೊಟ್ಟಣ ಬಿಡಿಸಿ, ಮೊದಲ ದಿನಗಳಿಗೆ ಸಣ್ಣ ಮಾತ್ರೆ, ಆಮೇಲೆ ದೊಡ್ಡದು ಎಂದು ತೋರಿಸಿದಳು. ಗುಣ ಕಾಣಲು ಕೆಲವು ವಾರ ಬೇಕು, ಅವಸರ ಮಾಡಬೇಡಿ ಎಂದಳು. ಮೆದಿಹಾ ಒಂದು ಲೋಟ ನೀರು ಕೇಳಿದಳು.

"ಇಲ್ಲೇ ತಗೋತೀರಾ?"

"ಹೂಂ. ಇಲ್ಲೇ."

ಮಾತ್ರೆ ನಾಲಗೆಯ ಮೇಲೆ ಹುಣ್ಣಿಲ್ಲದ ಒಂದು ಜಾಗ ಹುಡುಕಿತು. ಅವಳು ಕಣ್ಣು ಮುಚ್ಚಿ ನುಂಗಿದಳು. ಲೋಟ ತೊಳೆಯಲು ನಲ್ಲಿ ಎಲ್ಲಿದೆ ಎಂದು ಒಂದು ಕ್ಷಣ ಆಚೀಚೆ ನೋಡಿದಳು. ಆಮೇಲೆ ಹಾಗೇ ಮೇಜಿನ ಮೇಲಿಟ್ಟಳು.